ಮಹಡಿ ಮೇಲಿನ ಮೂರನೆಯ ಹೆಜ್ಜೆ

"ಅಮ್ಮಾ, ಮೇಲಿನ ಮಾಮನಿಗೆ ಮೂರು ಕಾಲಾ?"

ಮಗಳು ಹೀಗೆ ಕೇಳಿದಾಗ ಅವಳಿಗೆ ಮೂರು ವರ್ಷ ತುಂಬಿ ಎರಡು ತಿಂಗಳಾಗಿತ್ತು. ಮಧ್ಯಾಹ್ನ ಮಲಗಿಸಿದ್ದೆ, ಮಲಗಿರಲಿಲ್ಲ. ಅಂಗಾತ ಬಿದ್ದುಕೊಂಡು, ಸೂರು ನೋಡುತ್ತ, ಬೆರಳು ಮಡಚಿ ಏನೋ ಎಣಿಸುತ್ತಿದ್ದಳು. ನಾನು ಕಿಟಕಿಯ ಪಕ್ಕ ಕೂತು ಶಾಲೆಯ ಅಂಗಿಗಳಿಗೆ ಕಾಜಾ ಹಾಕುತ್ತಿದ್ದೆ. ಮೇಲಿನ ಮನೆಯಿಂದ ಸದ್ದು ಬರುತ್ತಿತ್ತು. ಟಕ್. ಟಕ್-ಟಪ್. ಟಕ್. ಟಕ್-ಟಪ್.

"ಹೂಂ ಕಣೆ. ಒಂದು ನಡೆಯೋಕೆ, ಒಂದು ಓಡೋಕೆ, ಇನ್ನೊಂದು ನಿನ್ನ ನಿದ್ದೆ ಕೆಡಿಸೋಕೆ" ಅಂದೆ.

ಅವತ್ತೇ ಅದನ್ನು ಡೈರಿಯಲ್ಲಿ ಬರೆದಿಟ್ಟೆ. ಮಗು ಹುಟ್ಟಿದಾಗ ಆಸ್ಪತ್ರೆಯ ನರ್ಸಮ್ಮ, "ಎಷ್ಟು ಹೊತ್ತಿಗೆ ಹಾಲು ಕುಡೀತು, ಎಷ್ಟು ಸಲ ಒದ್ದೆ ಮಾಡ್ತು, ಎಲ್ಲಾ ಬರೆದಿಡು" ಅಂದಿದ್ದರು. ಆ ಬರೆಯುವ ಚಟ ಮಗು ಹಾಲು ಬಿಟ್ಟ ಮೇಲೂ ನನ್ನನ್ನು ಬಿಡಲಿಲ್ಲ. ಹಲ್ಲು ಬಂದ ದಿನ, ಜ್ವರ ಬಂದ ದಿನ, ನಲ್ಲಿ ಕೆಟ್ಟ ದಿನ, ನನ್ನವರು ಪಾಳಿ ಮುಗಿಸಿ ಬಂದು ಒಂದು ಮಾತೂ ಆಡದೆ ಮಲಗಿದ ದಿನ, ಎಲ್ಲವೂ ಅದರಲ್ಲಿವೆ. ಮೇಲಿನ ಮನೆಯ ಸದ್ದುಗಳೂ ಇವೆ. ಮೂರು ಕಾಲಿನ ಪ್ರಶ್ನೆ ಬರೆದು ಪಕ್ಕದಲ್ಲಿ ಒಂದು ನಗುವ ಮುಖವನ್ನೂ ಬರೆದಿದ್ದೇನೆ. ಈಗ ಆ ಪುಟ ತೆರೆದರೆ ಆ ಮುಖವನ್ನು ಬೆರಳಿನಿಂದ ಮುಚ್ಚಿಕೊಂಡು ಓದುತ್ತೇನೆ.

ಮೇಲಿನ ಮನೆಯವರನ್ನು ನಾನು ಅಣ್ಣ ಅಂತ ಕರೆಯುವುದು. ಅವರು ಕೆಲಸ ಮಾಡುತ್ತಿದ್ದ ಸ್ಟುಡಿಯೋದಲ್ಲಿ ಅವರಿಗೆ ಹೆಜ್ಜೆಯಣ್ಣ ಅಂತಲೇ ಹೆಸರು. ಸಿನಿಮಾದಲ್ಲಿ ನಾಯಕ ಓಡುತ್ತಾನಲ್ಲ, ಆಗ ನಮಗೆ ಕೇಳಿಸುವ ಹೆಜ್ಜೆ ಸದ್ದು ನಾಯಕನದಲ್ಲ. ಚಿತ್ರೀಕರಣದ ಹೊತ್ತಿನಲ್ಲಿ ಅದು ಸರಿಯಾಗಿ ಸಿಗುವುದಿಲ್ಲವಂತೆ. ಆಮೇಲೆ ಒಬ್ಬರು ಕತ್ತಲ ಕೋಣೆಯಲ್ಲಿ ಪರದೆ ನೋಡುತ್ತ, ನಿಂತಲ್ಲೇ ಓಡಿ, ಆ ಸದ್ದನ್ನು ಕೊಡಬೇಕು. ಮೂವತ್ತೊಂದು ವರ್ಷದಿಂದ ಅಣ್ಣ ಮಾಡುತ್ತಿದ್ದುದು ಅದೇ.

ಒಮ್ಮೆ ನನ್ನನ್ನೂ ಮಗಳನ್ನೂ ಕರೆದುಕೊಂಡು ಹೋಗಿ ತೋರಿಸಿದ್ದರು. ನೆಲದಲ್ಲಿ ಸಾಲಾಗಿ ಚೌಕದ ಗುಂಡಿಗಳು: ಒಂದರಲ್ಲಿ ಮರಳು, ಒಂದರಲ್ಲಿ ಜಲ್ಲಿ, ಒಂದರಲ್ಲಿ ಒಣ ಎಲೆ, ಒಂದಕ್ಕೆ ಹಲಗೆ, ಒಂದಕ್ಕೆ ಕಲ್ಲುಚಪ್ಪಡಿ. ಗೋಡೆಯುದ್ದಕ್ಕೂ ಜೋಡುಗಳು. ಪೊಲೀಸು ಬೂಟು, ಆಸ್ಪತ್ರೆ ಚಪ್ಪಲಿ, ಎತ್ತರದ ಹಿಮ್ಮಡಿಯ ಹೆಂಗಸರ ಜೋಡು. ಆ ಹೆಂಗಸರ ಜೋಡನ್ನು ತಮ್ಮ ಹನ್ನೊಂದು ನಂಬರಿನ ಪಾದಕ್ಕೆ ಹಿಗ್ಗಿಸಿಕೊಂಡಿದ್ದರು.

"ಕಾಲು ನೋಡಬಾರದು ತಂಗಿ" ಅಂದರು. "ಭುಜ ನೋಡಬೇಕು. ಕಾಲು ಎಲ್ಲಿ ಬೀಳುತ್ತೆ ಅಂತ ಭುಜ ಮೊದಲೇ ಹೇಳಿಬಿಡುತ್ತೆ. ಎದುರಿಗೆ ಒಬ್ಬರು ನಡೀತಿದ್ರೆ ಸಾಕು, ನನ್ನ ಕಾಲು ಅವರದ್ದಾಗಿಬಿಡುತ್ತೆ."

ಅತ್ತಿಗೆ, ಅಂದರೆ ಅಣ್ಣನ ಹೆಂಡತಿ, ನೂಲಿನ ಕಾರ್ಖಾನೆಯಲ್ಲಿ ಇಪ್ಪತ್ತು ವರ್ಷ ದುಡಿದು ಕಿವಿ ಕಳೆದುಕೊಂಡವರು. ಹೊರಗೆ ಹೋಗುವಾಗ ಕಿವಿಗೆ ಯಂತ್ರ ಸಿಕ್ಕಿಸಿಕೊಳ್ಳುತ್ತಾರೆ, ಮನೆಗೆ ಬಂದೊಡನೆ ತೆಗೆದು ಡಬ್ಬಿಗೆ ಹಾಕುತ್ತಾರೆ. "ಊರಿನ ಹೀರೋಗಳಿಗೆಲ್ಲ ಕಾಲು ಕೊಟ್ಟ ಪುಣ್ಯಾತ್ಮ ಇವರು. ತರಕಾರಿ ತನ್ನಿ ಅಂದ್ರೆ ಮಾತ್ರ ಕಾಲೇ ಇರಲ್ಲ" ಅಂತ ಗಂಡನನ್ನು ಆಡಿಕೊಳ್ಳುತ್ತಿದ್ದರು. ಆಗ ಅಣ್ಣ, "ನನ್ನ ಸಂಪಾದನೆ ಎಲ್ಲಾ ಸದ್ದಿಂದ. ಕಟ್ಟಿಕೊಂಡವಳಿಗೆ ಒಂದು ದಿನಾನೂ ಕೇಳಿಸಿಲ್ಲ" ಅನ್ನುತ್ತಿದ್ದರು. ಅವರ ತುಟಿ ನೋಡಿಯೇ ಅತ್ತಿಗೆ ನಗುತ್ತಿದ್ದರು.

ಇಷ್ಟೆಲ್ಲ ಓಡಿದ್ದು ಸಾಲದು ಅಂತ ದಿನಾ ಬೆಳಿಗ್ಗೆ ಐದೂವರೆಗೆ ಹೊರಗೆ ಬೇರೆ ಓಡುತ್ತಿದ್ದರು. ಕೆರೆಯ ಸುತ್ತ ಎರಡು ಸುತ್ತು. ಪದಕಕ್ಕಲ್ಲ, ಸಕ್ಕರೆ ಕಾಯಿಲೆಗೂ ಅಲ್ಲ. "ಒಳಗೆ ಓಡೋದು ಬೇರೆಯವರ ಓಟ. ಒಂದು ಗಂಟೆ ನನ್ನ ಓಟ ಓಡಿಕೊಂಡು ಬರ್ತೀನಿ" ಅನ್ನುತ್ತಿದ್ದರು. ವರ್ಷಕ್ಕೊಮ್ಮೆ ಊರಲ್ಲಿ ನಡೆಯುವ ಹತ್ತು ಕಿಲೋಮೀಟರಿನ ಓಟದಲ್ಲಿ ತಪ್ಪದೆ ಓಡಿ, ತಪ್ಪದೆ ಹಿಂದಿನಿಂದ ಎಣಿಸಿದರೆ ಬೇಗ ಸಿಗುವ ಜಾಗದಲ್ಲಿ ಬರುತ್ತಿದ್ದರು.

ಓಡಿ ಬಂದವರು ನಮ್ಮ ಬಾಗಿಲ ಮುಂದಿನ ಮೆಟ್ಟಿಲ ಮೇಲೆ ಕೂರುವರು. ನಾನು ಹಾಲಿನ ಪಾತ್ರೆ ತೊಳೆಯುತ್ತ ಕೇಳುವೆ. ಅವರ ಮಾತೆಲ್ಲ ಓಟಗಾರರದ್ದು, ಇಲ್ಲ ಸಿನಿಮಾದ್ದು.

"ಸಿನಿಮಾದಲ್ಲಿ ಯಾರೂ ಸುಮ್ಮನೆ ಓಡಲ್ಲ ನೋಡು. ಒಂದೋ ರೈಲು ಹೊರಟಿರುತ್ತೆ, ಇಲ್ಲ ಹುಡುಗಿ ಹೊರಟಿರ್ತಾಳೆ, ಇಲ್ಲ ಪೊಲೀಸು ಬಂದಿರ್ತಾರೆ. ಬೆಳಿಗ್ಗೆ ಎದ್ದು ಓಡಿ, ಹೊರಟ ಜಾಗಕ್ಕೇ ಬಂದು ನಿಲ್ಲೋನ ಕಥೆ ಯಾರು ತೆಗೀತಾರೆ?"

"ನಿಧಾನಕ್ಕೆ ತೇಲಿಕೊಂಡು ಓಡ್ತಾರಲ್ಲ ಅಣ್ಣಾ, ಅದಕ್ಕೂ ನೀವೇನಾ?"

"ಅದು ಬಂತು ಅಂದ್ರೆ ನಾನು ಹೊರಗೆ ಹೋಗಿ ಚಹಾ ಕುಡೀತೀನಿ. ಅಲ್ಲಿ ಬರೀ ಪಿಟೀಲು."

ಜೋಡಿನ ಜಾಹೀರಾತು ಕಂಡರೆ ಅವರಿಗೆ ಮೈಯೆಲ್ಲ ಉರಿ. ಅದರಲ್ಲಿ ಓಡುವ ಯಾರಿಗೂ ಕಂಕುಳು ಬೆವರುವುದಿಲ್ಲ, ಪಕ್ಕೆ ಹಿಡಿಯುವುದಿಲ್ಲ. ಕಿವಿಗೆ ಹಾಡು ಸಿಕ್ಕಿಸಿಕೊಂಡು ಓಡುವವರನ್ನು ಕಂಡರೂ ಅಷ್ಟೆ. "ತಮ್ಮ ಕಾಲೇನು ಹೇಳ್ತಿದೆ ಅಂತ ಕೇಳಿಸಿಕೊಳ್ಳದೇ ಇರೋರು ಯಾಕೆ ಓಡಬೇಕು?" ಇದನ್ನು ಅವರೇ ಹೇಳಿದ್ದು. ತಾರೀಖಿನ ಸಮೇತ ನನ್ನ ಹತ್ತಿರ ಇದೆ.

ಗೆಲುವಿನ ಸುದ್ದಿ ಹೊತ್ತು ಯುದ್ಧಭೂಮಿಯಿಂದ ಊರಿಗೆ ಓಡಿ, ಸುದ್ದಿ ಹೇಳಿ ಸತ್ತ ಅನ್ನುವ ಆ ಹಳೆ ಕಾಲದ ಸೈನಿಕನ ವಿಷಯ ಬಂದರೆ, "ನಾನಾಗಿದ್ರೆ ಮೊದಲು ಒಂದು ಲೋಟ ನೀರು ಕೇಳಿ ಆಮೇಲೆ ಸುದ್ದಿ ಹೇಳ್ತಿದ್ದೆ. ಬದುಕಿರ್ತಿದ್ದೆ, ಹೆಸರು ಇರ್ತಿರಲಿಲ್ಲ" ಅನ್ನುವರು. ಬರಿಗಾಲಲ್ಲಿ ಮ್ಯಾರಥಾನ್ ಓಡಿ ಒಲಿಂಪಿಕ್ಸ್ ಚಿನ್ನ ಗೆದ್ದವನ ಕಥೆಯನ್ನು ನೂರು ಸಲ ಹೇಳಿದ್ದಾರೆ. ಆದರೆ ಅವರ ಪ್ರೀತಿಯ ಓಟಗಾರ ಬೇರೆ. ಒಂದೇ ಒಲಿಂಪಿಕ್ಸ್‌ನಲ್ಲಿ ಮೂರು ದೂರದ ಓಟ ಗೆದ್ದವನು. ಅದರಲ್ಲಿ ಮ್ಯಾರಥಾನ್ ಅಂತೂ ಅವನು ಜನ್ಮದಲ್ಲಿ ಮೊದಲ ಸಲ ಓಡಿದ್ದಂತೆ. "ಅವನ ಮುಖ ನೋಡಬೇಕು ತಂಗಿ. ಹಲ್ಲು ಕೀಳಿಸಿಕೊಳ್ಳೋನ ಮುಖ. ಕತ್ತು ಒಂದು ಕಡೆ, ನಾಲಿಗೆ ಒಂದು ಕಡೆ. ನೋವಾಗ್ತಿದೆ ಅಂದ್ರೆ ಆಗ್ತಿದೆ ಅಂತ ಊರಿಗೆಲ್ಲ ತೋರಿಸಿಕೊಂಡೇ ಓಡಿದ. ಮುಚ್ಚುಮರೆ ಇಲ್ಲ." ಹೇಳುತ್ತ ಅವನ ಹಾಗೇ ಮುಖ ಕಿವುಚುವರು. ಮಗಳು ಬಿದ್ದೂ ಬಿದ್ದೂ ನಗುವಳು.

ಮೂರು ಕಾಲಿನ ಪ್ರಶ್ನೆ ಕೇಳಿದ ಮಧ್ಯಾಹ್ನ ಅವಳು ಮಲಗಲೇ ಇಲ್ಲ. ಕಾಜಾ ಮುಗಿಯಲಿಲ್ಲ. ಅಂಗಿ ಒಯ್ಯಲು ಅಂಗಡಿಯವರು ಸಂಜೆ ಐದಕ್ಕೆ ಬರುವವರಿದ್ದರು. ನನಗೂ ತಲೆ ಕೆಟ್ಟಿತ್ತು. ಮೆಟ್ಟಿಲು ಹತ್ತಿ ಹೋಗಿ, "ಅಣ್ಣಾ, ಬೇಜಾರು ಮಾಡ್ಕೋಬೇಡಿ, ಮಧ್ಯಾಹ್ನ ಸ್ವಲ್ಪ ಮೆಲ್ಲಗೆ ನಡೀರಿ. ಕಾಲು ಬಡಿಯೋ ಸದ್ದಿಗೆ ಮಗು ಏಳ್ತಿದೆ" ಅಂದೆ.

"ಬಡೀತೀನಾ? ನಾನಾ?" ಅಂದು ತಮ್ಮ ಬಲಗಾಲನ್ನೇ ನೋಡಿಕೊಂಡರು. ಆಮೇಲೆ ಕಿವಿ ಹಿಡಿದುಕೊಂಡು, "ತಪ್ಪಾಯ್ತು ತಾಯಿ. ಕಳ್ಳನ ಹೆಜ್ಜೆ ಹಾಕೋದರಲ್ಲಿ ನನ್ನನ್ನ ಬಿಟ್ಟರೆ ಇಲ್ಲ. ನಾಳೆಯಿಂದ ಮೇಲೆ ಮನುಷ್ಯರು ಇದ್ದಾರೋ ಇಲ್ವೋ ಅಂತ ನೀನೇ ಬಂದು ವಿಚಾರಿಸ್ಬೇಕು, ಹಾಗೆ ಮಾಡ್ತೀನಿ" ಅಂದರು.

ಮಾಡಿದರು. ಮಾರನೆಯ ದಿನದಿಂದ ಸೂರು ಮೂಕವಾಯಿತು. "ಮೇಲಿನ ಅಣ್ಣ ದೊಡ್ಡ ಮನುಷ್ಯ. ಒಂದೇ ಮಾತಿಗೆ ಸದ್ದು ನಿಂತಿತು" ಅಂತ ಬರೆದಿದ್ದೇನೆ.

ಅವರು ಮಾಡುತ್ತಿದ್ದುದೇನು ಅಂತ ನನಗೆ ಗೊತ್ತಾಗಿದ್ದು ಬಹಳ ತಡವಾಗಿ. ಬಲಪಾದದ ಮುಂಭಾಗ ಎತ್ತಲು ಬಾರದೆ ಹಿಮ್ಮಡಿ ಊರಿದ ಮೇಲೆ ಹಲಗೆಯಂತೆ ಪಟ್ಟನೆ ಬೀಳುತ್ತಿತ್ತು. ಮಗಳು ಎಣಿಸಿದ ಮೂರನೆಯ ಕಾಲು ಅದು. ಸದ್ದಾಗಬಾರದು ಅಂತ ಅವರು ಸೊಂಟದಿಂದಲೇ ಮೊಣಕಾಲನ್ನು ಒಂದಿಷ್ಟು ಜಾಸ್ತಿ ಎತ್ತಿ, ಪಾದದ ಹೊರ ಅಂಚನ್ನು ಮೊದಲು ತಾಗಿಸಿ ಇಳಿಸತೊಡಗಿದರು. ಸಿನಿಮಾದ ಕಳ್ಳರಿಗೆಲ್ಲ ಅವರು ಹೆಜ್ಜೆ ಹಾಕಿದ್ದು ಹಾಗೇ. ಎರಡು ವಾರದಲ್ಲಿ ಅದೇ ಅವರ ನಡಿಗೆಯಾಯಿತು. ಅವರಿಗೇ ತಾವು ಕುಂಟುತ್ತಿರುವುದು ಮರೆತುಹೋಯಿತು.

ಎರಡು ತಿಂಗಳಾದ ಮೇಲೆ ಸೊಂಟ ನೋವು ಅಂತ ಬೀದಿಯ ಕೊನೆಯ ಡಾಕ್ಟರ ಹತ್ತಿರ ಹೋದರು. ಕಾಲು ಒಂದೊಂದು ಸಲ ಮಾತು ಕೇಳುವುದಿಲ್ಲ ಅಂತಲೂ ಹೇಳಿದರಂತೆ. ಡಾಕ್ಟರು, "ಎಲ್ಲಿ, ಆ ಬಾಗಿಲ ತನಕ ನಡೆದು ತೋರಿಸಿ" ಅಂದರು. ದಾರಿ ಬಿಡಿಸಲು ನರ್ಸು ಮುಂದೆ ನಡೆದಳು. ಅಲ್ಲಿಗೆ ಮುಗಿಯಿತು. ಮೂವತ್ತೊಂದು ವರ್ಷದ ಅಭ್ಯಾಸ. ಅಣ್ಣನ ಕಣ್ಣು ಅವಳ ಭುಜಕ್ಕೆ ಹೋಯಿತು, ಕಾಲು ಅವಳದಾಯಿತು. ಇಪ್ಪತ್ತೈದರ ಆರೋಗ್ಯವಂತ ಹೆಣ್ಣುಮಗಳ ನಡಿಗೆಯಲ್ಲಿ ಬಾಗಿಲ ತನಕ ಹೋಗಿ ಬಂದರು. ಡಾಕ್ಟರು ಚೀಟಿಯಲ್ಲಿ ನಡಿಗೆ ಸರಿಯಾಗಿದೆ ಅಂತ ಬರೆದು, ಹಚ್ಚಿಕೊಳ್ಳಲು ಮುಲಾಮು ಕೊಟ್ಟು ಕಳಿಸಿದರು.

ಆ ಚೀಟಿ ನಂಬಿಕೊಂಡು ಇನ್ನೂ ಏಳು ತಿಂಗಳು ಓಡಿದರು.

ಕೆರೆಯ ಪಕ್ಕದ ರಸ್ತೆಯಲ್ಲಿ ಒಂದು ಬೆಳಿಗ್ಗೆ, ಕಲ್ಲಿಲ್ಲ, ಗುಂಡಿಯಿಲ್ಲ, ಸಪಾಟು ಡಾಂಬರು, ಬಲಗಾಲ ಹೆಬ್ಬೆರಳು ಸಿಕ್ಕಿ ಮಕಾಡೆ ಬಿದ್ದರು. ಹಾಲಿನವನು ಆಟೋದಲ್ಲಿ ಕರೆತಂದ. ಮೂಗು ಒಡೆದಿತ್ತು. ದೊಡ್ಡ ಆಸ್ಪತ್ರೆಯಲ್ಲಿ ಬೆನ್ನಿನ ಒಳಗೆಲ್ಲ ಚಿತ್ರ ತೆಗೆದರು. ಸೊಂಟದ ಹತ್ತಿರ ಮೂಳೆಯ ನಡುವೆ ನರ ಸಿಕ್ಕಿಕೊಂಡಿತ್ತು. ಕೊಯ್ದು ಬಿಡಿಸಿದರು. ನರ ಬಿಡಿಸಿಕೊಂಡಿತು, ಪಾದ ಏಳಲಿಲ್ಲ. "ಯಾವಾಗಿಂದ ಹೀಗಿದೆ?" ಅಂತ ಆಪರೇಷನ್ ಮಾಡಿದ ಡಾಕ್ಟರು ಕೇಳಿದಾಗ ಅಣ್ಣ, "ಒಂದೆರಡು ತಿಂಗಳು ಇರಬಹುದು ಸಾರ್" ಅಂದರಂತೆ. ಡಾಕ್ಟರು ತಲೆ ಅಲ್ಲಾಡಿಸಿದರು. ನರ ಇಷ್ಟು ಒಣಗಬೇಕಾದರೆ ಎರಡು ತಿಂಗಳು ಸಾಲದು. ಮೊದಲೇ ಬಂದಿದ್ದರೆ, ಅಂದು ಅಲ್ಲಿಗೇ ನಿಲ್ಲಿಸಿದರು.

ಇದನ್ನು ಅತ್ತಿಗೆ ಬಂದು ಹೇಳಿದ ದಿನ ನಾನು ಹಳೆ ಡೈರಿ ತೆಗೆದೆ. ಮೂರು ಕಾಲಿನ ಪುಟ ಸಿಕ್ಕಿತು. ತಾರೀಖು ನೋಡಿದೆ. ಬೀಳುವುದಕ್ಕೆ ಒಂಬತ್ತು ತಿಂಗಳ ಹಿಂದಿನದು. ಅನ್ನಕ್ಕೆ ಇಟ್ಟಿದ್ದು ಸೀದು ವಾಸನೆ ಬರುವ ತನಕ ಅಲ್ಲೇ ಕೂತಿದ್ದೆ.

ಮಾರನೆಯ ದಿನ ಡೈರಿ ಹಿಡಿದುಕೊಂಡು ಆಸ್ಪತ್ರೆಗೆ ಹೋದೆ. ಹೇಳದೆ ಇದ್ದರೆ ನಡೆಯುತ್ತಿತ್ತು. ಆದರೆ ಹೇಳದೆ ಇದ್ದು ದಿನಾ ಮೆಟ್ಟಿಲಲ್ಲಿ ಅವರ ಮುಖ ನೋಡುವುದು ನನ್ನ ಕೈಲಾಗುತ್ತಿರಲಿಲ್ಲ. ಮಲಗಿದ್ದವರ ಕೈಗೆ ಪುಟ ತೆರೆದು ಕೊಟ್ಟೆ. "ನಾನು ಬಂದು ಸದ್ದು ಮಾಡಬೇಡಿ ಅನ್ನದೆ ಇದ್ದಿದ್ರೆ..." ಅಂದೆ.

ಓದಿದರು. ನಕ್ಕರು. "ಮೂರು ವರ್ಷದ ಕೂಸು ಎಣಿಸಿಬಿಡ್ತು ನೋಡು. ಡಾಕ್ಟರಿಗೆ ಲೆಕ್ಕ ಬರಲಿಲ್ಲ" ಅಂದರು. ಆಮೇಲೆ ಪುಟದ ಮೇಲೆ ಕೈಯಿಟ್ಟುಕೊಂಡು ಗೋಡೆ ಕಡೆ ತಿರುಗಿದರು. "ನೀನು ಹೇಳಿದ್ದು ಸದ್ದು ಮಾಡಬೇಡಿ ಅಂತ. ಮುಚ್ಚಿಡು ಅಂತ ಅಲ್ಲ. ಅದು ನನ್ನ ಕಸುಬು" ಅಂದರು.

ಅತ್ತಿಗೆ ನಮ್ಮಿಬ್ಬರ ತುಟಿಯನ್ನೇ ನೋಡುತ್ತಿದ್ದರು. "ಕೇಳಿಸ್ಕೋಬೇಕಾಗಿದ್ದು ನಾನು" ಅಂದರು. "ಹದಿನೆಂಟು ವರ್ಷದಿಂದ ಪಕ್ಕದಲ್ಲೇ ಇದ್ದೀನಿ."

ನನ್ನ ಮನಸ್ಸು ಹಗುರವಾಗುತ್ತದೆ ಅಂದುಕೊಂಡು ಹೋಗಿದ್ದೆ. ಮೂವರೂ ಭಾರವಾಗಿ ಕೂತೆವು, ಅಷ್ಟೆ.

ಮನೆಗೆ ಕಳಿಸುವಾಗ ಆಸ್ಪತ್ರೆಯವರು ಅವರಿಗೆ ಪಾದ ಎತ್ತಿ ಹಿಡಿಯುವ ಒಂದು ಪ್ಲಾಸ್ಟಿಕ್ ಪಟ್ಟಿ ಕೊಟ್ಟಿದ್ದಾರೆ. ಅದನ್ನು ಜೋಡಿನೊಳಗೆ ಇಳಿಸಿ ಕಟ್ಟಿಕೊಳ್ಳಬೇಕು. ಓಟದ ಮಾತೇ ಇಲ್ಲ. ಸ್ಟುಡಿಯೋದವರು ಒಳ್ಳೆಯವರೇ, ಹಣ್ಣು ತಂದು ನೋಡಿಕೊಂಡು ಹೋದರು. ಹೋಗುವಾಗ, "ನೀವೇನೂ ಯೋಚನೆ ಮಾಡ್ಬೇಡಿ ಹೆಜ್ಜೆಯಣ್ಣಾ, ನಿಮ್ಮ ಸದ್ದೆಲ್ಲ ಕಂಪ್ಯೂಟರಿನಲ್ಲಿ ಭದ್ರವಾಗಿದೆ. ಯಾವುದು ಬೇಕೋ ತೆಗೆದು ಹಾಕ್ಕೋತೀವಿ" ಅಂದರು. ಸಮಾಧಾನಕ್ಕೇ ಹೇಳಿದ್ದು.

ಮಾತು ಕಡಿಮೆಯಾಯಿತು. ಆಡಿದರೂ ಹಳೆಯ ಓಟಗಾರರ ಕಥೆಗಳೇ. ಆದರೆ ಈಗ ಅವುಗಳ ಉಳಿದರ್ಧ. "ಬರಿಗಾಲಲ್ಲಿ ಗೆದ್ದನಲ್ಲ, ಅವನ ಕಾರು ಉರುಳಿತು. ಮತ್ತೆ ನಡೀಲಿಲ್ಲ. ಗಾಲಿಕುರ್ಚಿಯಲ್ಲಿ ಕೂತು ಬಾಣ ಬಿಡೋ ಪಂದ್ಯ ಆಡೋಕೆ ಹೋದ. ನಲವತ್ತೊಂದಕ್ಕೇ ಮುಗೀತು." ಇನ್ನೊಂದು ದಿನ, "ಮುಖ ಕಿವುಚ್ತಿದ್ದೋನು ಸರ್ಕಾರದ ಕಣ್ಣಿಗೆ ಬೇಡವಾಗಿ ವರ್ಷಗಟ್ಟಲೆ ನೆಲ ಕೊರೆಯೋ ಕೆಲಸ ಮಾಡಿದ." ಇವೆಲ್ಲ ಅವರಿಗೆ ಮೊದಲಿಂದಲೂ ಗೊತ್ತಿತ್ತು. ಇಷ್ಟು ವರ್ಷ ಮೆಟ್ಟಿಲ ಮೇಲೆ ಕೂತು ಗೆದ್ದಲ್ಲಿಗೇ ಕಥೆ ನಿಲ್ಲಿಸುತ್ತಿದ್ದರು. ಮಗಳು, "ಮಾಮಾ, ಹಲ್ಲುನೋವಿನ ಮುಖ ಮಾಡು" ಅಂದರೆ, "ಮಾಡ್ಕೊಂಡೇ ಇದ್ದೀನಲ್ಲ ಪುಟ್ಟಾ" ಅಂದರು. ಅವಳು ದಿಟ್ಟಿಸಿ ನೋಡಿ, "ಇಲ್ಲ, ಮಾಡಿಲ್ಲ" ಅಂದಳು.

ಮೊನ್ನೆ ಭಾನುವಾರ ಸಂಜೆ ಇಸ್ತ್ರಿ ಮಾಡುತ್ತಿದ್ದೆ. ಇದ್ದಕ್ಕಿದ್ದ ಹಾಗೆ ಸೂರಿನ ಮೇಲೆ ಓಟ ಶುರುವಾಯಿತು. ಗಟ್ಟಿಯಾದ, ಸಮವಾದ ಓಟ. ಎರಡೇ ಕಾಲು. ಮಗಳು ಆಟಿಕೆ ಬಿಟ್ಟು, "ಅಮ್ಮಾ, ಮಾಮ!" ಅಂತ ಕೂಗಿದಳು. ಇಸ್ತ್ರಿಪೆಟ್ಟಿಗೆಯ ತಂತಿ ಕಿತ್ತು, ಅವಳನ್ನು ಎತ್ತಿಕೊಂಡು, ಚಪ್ಪಲಿ ಕೂಡ ಇಲ್ಲದೆ ಮೆಟ್ಟಿಲು ಹತ್ತಿದೆ. ಅಷ್ಟು ಹೊತ್ತಿನಲ್ಲಿ ನಾನು ಏನೇನೆಲ್ಲ ನಂಬಿದೆನೋ, ಬರೆಯಲು ನಾಚಿಕೆ.

ಬಾಗಿಲು ತೆರೆದೇ ಇತ್ತು. ಅಣ್ಣ ಕುರ್ಚಿಯಲ್ಲಿ ಕೂತಿದ್ದರು. ಟಿವಿಯಲ್ಲಿ ಒಂದು ಹಳೆ ಸಿನಿಮಾ. ಸ್ಟುಡಿಯೋದಿಂದ ಯಾವಾಗಲೋ ತಂದ ದೊಡ್ಡ ಸ್ಪೀಕರು ನೆಲದ ಮೇಲಿತ್ತು. ನಾಯಕ ಹಲಗೆಯ ಸೇತುವೆ ಮೇಲೆ ಓಡುತ್ತಿದ್ದ. ಅತ್ತಿಗೆ ಕಿವಿಯ ಯಂತ್ರ ತೆಗೆದಿಟ್ಟು, ಪಕ್ಕದಲ್ಲೇ ಬಟ್ಟೆ ಮಡಚುತ್ತಿದ್ದರು.

"ನನ್ನ ಮೂವತ್ತೆಂಟನೇ ವಯಸ್ಸಿನ ಕಾಲು" ಅಂದರು ಅಣ್ಣ, ನನ್ನ ಕಡೆ ತಿರುಗದೆ. "ಚೆನ್ನಾಗಿತ್ತು, ಅಲ್ವಾ?"

ಸೇತುವೆ ಮುಗಿಯಿತು. ಅವರೇ ಸದ್ದು ಆರಿಸಿದರು. ನನ್ನ ಬರಿಗಾಲು, ಏದುಸಿರು ನೋಡಿ ನಾನು ಏನಂದುಕೊಂಡು ಬಂದೆ ಅನ್ನುವುದು ಅವರಿಗೆ ಗೊತ್ತಾಗಿಹೋಯಿತು. "ಅಯ್ಯೋ, ಮೋಸ ಮಾಡಿದೆ ನಿಂಗೆ. ಕೂತ್ಕೋ" ಅಂದರು. ಮಗಳು ಟಿವಿಯ ಹಿಂದೆ ಹೋಗಿ ಇಣುಕುತ್ತಿದ್ದಳು.

ಶುಕ್ರವಾರ ಆಸ್ಪತ್ರೆಗೆ ಹೋಗಿ ಬಂದಿದ್ದರಂತೆ. ಎಡಗಾಲೂ ಜುಮ್ಮೆನ್ನಲು ಶುರುವಾಗಿದೆ. ಆ ಕಡೆಯ ನರವೂ ಒತ್ತಿಕೊಳ್ಳುತ್ತಿರಬಹುದು, ಇಲ್ಲದೆಯೂ ಇರಬಹುದು. ಸುಮ್ಮಸುಮ್ಮನೆ ಇನ್ನೊಂದು ಸಲ ಕೊಯ್ದರೆ ಈಗ ಇರುವ ಬಲವೂ ಹೋಗುವ ಅಪಾಯವಿದೆ. ಕೊಯ್ಯಬೇಕಾದಾಗ ಕೊಯ್ಯದಿದ್ದರೆ ಎಡಪಾದವೂ ಬಲಪಾದದ ದಾರಿ ಹಿಡಿಯುತ್ತದೆ. ಆರು ವಾರ ಕಾಯಿರಿ, ಹೆಜ್ಜೆಯಲ್ಲಿ ಒಂದಿಷ್ಟು ವ್ಯತ್ಯಾಸ ಕಂಡರೂ ಅವತ್ತೇ ಬನ್ನಿ ಅಂದಿದ್ದಾರೆ.

"ಅವತ್ತೇ ಹೋದರಾಯ್ತಲ್ಲ ಅಣ್ಣಾ" ಅಂದೆ.

"ಯಾರಿಗೆ ಕಾಣಬೇಕು ವ್ಯತ್ಯಾಸ? ನಂಗಾ?" ಅಂದು, ಎಡಗಾಲನ್ನು ಬೇರೆ ಯಾರದೋ ವಸ್ತುವಿನಂತೆ ಎರಡೂ ಕೈಯಲ್ಲಿ ಎತ್ತಿ ಮಣೆಯ ಮೇಲಿಟ್ಟರು. "ಶುಕ್ರವಾರ ಏನಾಯ್ತು ಗೊತ್ತಾ? ನಡೆದು ತೋರಿಸಿ ಅಂದರು. ಈ ಸಲ ಮುಂದೆ ಯಾರೂ ಇರಲಿಲ್ಲ. ಕಿಟಕಿಯ ಆಚೆ ವಾರ್ಡಿನ ಆಯಾ ಬಕೆಟ್ ಹಿಡಿದು ಹೋಗ್ತಿದ್ದಳು. ಅವಳ ಭುಜ ಕಾಣಿಸ್ತು. ಎಡಗಾಲು ಅವಳ ಹಿಂದೆ ಹೊರಟೇಬಿಡ್ತು. ಬೇಕು ಅಂತ ಮಾಡಿದ್ದಲ್ಲ ತಂಗಿ, ದೇವರಾಣೆ. 'ಎಡಗಾಲು ಚೆನ್ನಾಗಿದೆ' ಅಂತ ಬರೆದ್ರು. ನಾನು ಬಾಯಿ ಬಿಡೋ ಹೊತ್ತಿಗೆ ಮುಂದಿನ ರೋಗಿ ಬಂದಾಗಿತ್ತು."

ಅತ್ತಿಗೆ ಮಡಚುವುದು ನಿಲ್ಲಿಸಿ ಅವರ ತುಟಿ ನೋಡುತ್ತಿದ್ದರು.

"ಒಬ್ಬ ಓಟಗಾರ ಇದ್ದ" ಅಂದರು ಅಣ್ಣ. "ನಾನೂರು ಮೀಟರಿನ ಸೆಮಿಫೈನಲ್ಲು. ಅರ್ಧ ದಾರೀಲಿ ತೊಡೆಯ ಸ್ನಾಯು ಹರೀತು. ಒಂಟಿಕಾಲಲ್ಲಿ ಕುಂಟಿಕೊಂಡೇ ಹೊರಟ. ಅವನಪ್ಪ ಕಾವಲಿನವರನ್ನೆಲ್ಲ ತಳ್ಳಿಕೊಂಡು ಮೈದಾನಕ್ಕೆ ಇಳಿದು ಬಂದು ಹೆಗಲು ಕೊಟ್ಟ. ಇಡೀ ಲೋಕ ನೋಡೋ ಹಾಗೆ ಅತ್ಕೊಂಡು ಕುಂಟಿದ. ನಂಗೆ ಆ ಯೋಗ್ಯತೆ ಇಲ್ಲ. ನಂಗೆ ಯಾರ ಮುಂದೆಯೂ ಕುಂಟೋಕೆ ಬರಲ್ಲ."

ಮಗಳು ಟಿವಿಯ ಹಿಂದಿನಿಂದ ಬಂದು, ಅವರ ಮಣೆಯ ಪಕ್ಕ ನೆಲದ ಮೇಲೆ ಕೂತಳು. ಅಣ್ಣ ಅವಳ ತಲೆಯ ಮೇಲೆ ಕೈಯಿಟ್ಟು, ನನ್ನನ್ನು ನೋಡಿದರು.

"ಒಂದು ಉಪಕಾರ ಆಗ್ಬೇಕು ತಂಗಿ. ಯಾರೂ ಮುಂದೆ ಇಲ್ಲದಾಗ, ಬಾಗಿಲು ಹಾಕ್ಕೊಂಡು, ಕಿಟಕಿ ಪರದೆ ಎಳ್ಕೊಂಡು, ದಿನಾ ಮಧ್ಯಾಹ್ನ ಎರಡು ಗಂಟೆಗೆ ಈ ಗೋಡೆಯಿಂದ ಆ ಗೋಡೆಗೆ ಹತ್ತು ಸಲ ನಡೀತೀನಿ. ಪಟ್ಟಿ ಬಿಚ್ಚಿಟ್ಟು, ಕಾಲು ಹೇಗೆ ಬೀಳುತ್ತೋ ಹಾಗೆ. ಮುಚ್ಚದೆ. ನಿನ್ನ ಅತ್ತಿಗೆಗೆ ಕೇಳಿಸಲ್ಲ, ನನ್ನ ಮಾತು ನಂಬೋ ಹಾಗಿಲ್ಲ. ಕೆಳಗೆ ಕೂತು ಕೇಳಿ, ಎಷ್ಟು ಸದ್ದು ಅಂತ ನಿನ್ನ ಪುಸ್ತಕದಲ್ಲಿ ಬರಿ. ಸರಿಯಾಗಿ ಗೊತ್ತಾಗದೇ ಇದ್ರೆ ಮಗೂನ ಎಣಿಸೋಕೆ ಹೇಳು. ಮೂರು ಇದ್ದದ್ದು ಯಾವತ್ತು ನಾಲ್ಕು ಆಗುತ್ತೋ, ಅವತ್ತು ನನ್ನನ್ನ ಏನೂ ಕೇಳಬೇಡ. ಚೆನ್ನಾಗಿದ್ದೀನಿ ಅಂತೀನಿ, ನಗ್ತೀನಿ, ಮೆಟ್ಟಿಲು ಇಳಿದೂ ತೋರಿಸ್ತೀನಿ. ನಂಬಬೇಡ. ಪುಸ್ತಕ ತಗೊಂಡು, ನನ್ನನ್ನ ಎಳ್ಕೊಂಡು, ಆಸ್ಪತ್ರೆಗೆ ನಡಿ."